ಸೋತವನು ಮತ್ತೆ ಆಡಲು ಕೂರುವುದೇಕೆ?

2015ರ ಡಿಸೆಂಬರ್ 8ರಂದು 'ಕೌಂಟರ್ ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್' ಎಂಬ ಕಂಪ್ಯೂಟರ್ ಆಟಕ್ಕೆ ಹೊಸದೊಂದು ಪಿಸ್ತೂಲು ಸೇರ್ಪಡೆಯಾಯಿತು. ಹೆಸರು ಆರ್-8 ರಿವಾಲ್ವರ್. ಬೆಲೆ 850 ಡಾಲರ್. ಇದು ಆಟದೊಳಗಿನ ಡಾಲರ್, ಯಾರ ಜೇಬಿನದೂ ಅಲ್ಲ. ಅದೇ ಆಟದಲ್ಲಿ ಎದುರಾಳಿಯ ಎದೆಗೆ ಒಂದೇ ಗುಂಡು ಹೊಡೆದು ಉರುಳಿಸಬಲ್ಲ ದೊಡ್ಡ ಸ್ನೈಪರ್ ಬಂದೂಕಿಗೆ 4,750 ಡಾಲರ್ ತೆರಬೇಕಿತ್ತು. ಹೊಸ ರಿವಾಲ್ವರ್ ಹೆಚ್ಚುಕಡಿಮೆ ಅದೇ ಕೆಲಸವನ್ನು ಐದನೇ ಒಂದು ಬೆಲೆಗಿಂತ ಕಡಿಮೆಗೆ ಮಾಡತೊಡಗಿತು. ಎಲ್ಲರ ಕೈಯಲ್ಲೂ ರಿವಾಲ್ವರ್ ಕಾಣಿಸಿಕೊಂಡಿತು. ಎರಡೇ ದಿನಗಳಲ್ಲಿ, ತಯಾರಕ ಸಂಸ್ಥೆಯಾದ ಅಮೆರಿಕದ ವಾಲ್ವ್ ಅದರ ಹಲ್ಲು ಕಿತ್ತು ಸುಮ್ಮನಾಗಿಸಿತು.

ಒಂದು ಪಿಸ್ತೂಲಿನಿಂದ ಇಡೀ ಆಟ ಕೆಡುವುದು ಹೇಗೆ? ಕೆಟ್ಟದ್ದು ಸೋತವರಿಗೆ ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ಅಂಥ ಪಿಸ್ತೂಲಿನಿಂದ ಗೆದ್ದವನಿಗೂ ಗೆಲುವು ತನ್ನದು ಎನಿಸುವುದಿಲ್ಲ. ಸೋತವನಿಗಂತೂ ತಾನು ಇನ್ನೇನು ಮಾಡಿದ್ದರೆ ಉಳಿಯುತ್ತಿದ್ದೆ ಎಂಬುದೇ ತಿಳಿಯುವುದಿಲ್ಲ. ಹಲವರು ಕೂಡಿ ಆಡುವ ಶೂಟಿಂಗ್ ಆಟಗಳ ಮೂರು ದಶಕಗಳ ಚರಿತ್ರೆಯನ್ನು ನೋಡಿದರೆ, ಆಟಗಾರನು ಸೋಲಿಗೆ ಹೆದರಿ ಆಟ ಬಿಡುವುದು ಅಪರೂಪ. ಅರ್ಥವಿಲ್ಲದ ಸೋಲಿಗೆ ಬೇಸತ್ತು ಬಿಡುವುದೇ ಹೆಚ್ಚು. ಬಂದೂಕುಗಳ ಬಲಾಬಲ ಮತ್ತು ಕಾಳಗದ ಬಯಲಿನ ರಚನೆ — ಈ ಎರಡರ ಸಮತೋಲಕ್ಕಾಗಿ ತಯಾರಕರು ಪಟ್ಟ ಪಾಡೆಲ್ಲ ಸೋತವನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸುವುದಕ್ಕಾಗಿಯೇ ಎನ್ನಬಹುದು.

ಬಂದೂಕಿನ ಆಟವೆಂದರೆ ಮೂಗು ಮುರಿಯುವವರಿದ್ದಾರೆ. ಅವುಗಳಲ್ಲಿನ ಹಿಂಸೆಯ ಪ್ರಶ್ನೆ ಗಂಭೀರವಾದದ್ದೇ, ಆದರೆ ಅದು ಬೇರೆಯ ಚರ್ಚೆ. ಇಲ್ಲಿನ ಪ್ರಶ್ನೆ ನಮ್ಮ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಗೀಚಿರುವ ಹುಲಿ-ಕುರಿ ಆಟದಷ್ಟೇ ಹಳೆಯದು. ಅಲ್ಲಿ ಒಬ್ಬನ ಬಳಿ ನಾಲ್ಕಾರು ಹುಲಿ, ಇನ್ನೊಬ್ಬನ ಬಳಿ ಕುರಿಯ ಹಿಂಡು. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ಅಂಥ ಬಲವಿಲ್ಲ, ಅದು ಸುತ್ತುಗಟ್ಟಿ ಹುಲಿಯನ್ನು ಅಲುಗದಂತೆ ಮಾಡಬೇಕು. ಎರಡು ಪಕ್ಷಗಳ ಬಲ ಸಮವಲ್ಲ, ಆದರೂ ಆಟ ಅನ್ಯಾಯದ್ದಲ್ಲ. ಅನುಮಾನವಿದ್ದವನು ಮುಂದಿನ ಆಟಕ್ಕೆ ಹುಲಿ ಹಿಡಿಯಬಹುದು. ಸಮಾನತೆ ಬೇರೆ, ಸಮತೋಲ ಬೇರೆ ಎಂಬ ಈ ಪಾಠವನ್ನು ಕಂಪ್ಯೂಟರ್ ಆಟದವರು ಕಲಿಯಲು ಕೆಲವು ವರ್ಷಗಳೇ ಬೇಕಾದವು.

ಸಮನಾಗಿ ಹೊರಟವರು

ಈ ಬಗೆಯ ಆಟಕ್ಕೆ ಜನಪ್ರಿಯತೆ ತಂದುಕೊಟ್ಟದ್ದು 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಹೊರತಂದ 'ಡೂಮ್'. ನಾಲ್ಕು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ ನಾಲ್ವರು ಪರಸ್ಪರ ಬೇಟೆಯಾಡಬಹುದಿತ್ತು. ಅದರ ವಿನ್ಯಾಸಕರಲ್ಲೊಬ್ಬರಾದ ಜಾನ್ ರೊಮೆರೊ ಇದಕ್ಕೆ 'ಡೆತ್‌ಮ್ಯಾಚ್' ಎಂದು ಹೆಸರಿಟ್ಟರು. ಒಬ್ಬಂಟಿಯಾಗಿ ರಾಕ್ಷಸರನ್ನು ಕೊಲ್ಲುವುದಕ್ಕೆಂದು ಮಾಡಿದ ಬಂದೂಕುಗಳೇ ಇಲ್ಲೂ ಇದ್ದವು. ರಾಕ್ಷಸನು ಅನ್ಯಾಯವೆಂದು ದೂರುವುದಿಲ್ಲ, ಪಕ್ಕದ ಕೋಣೆಯ ಗೆಳೆಯ ದೂರುತ್ತಾನೆ. ಕಷ್ಟ ಶುರುವಾದದ್ದೇ ಅಲ್ಲಿ.

1996ರಲ್ಲಿ ಅದೇ ಸಂಸ್ಥೆಯ 'ಕ್ವೇಕ್' ಬಂತು. ಎಲ್ಲರೂ ಒಂದೇ ಬಗೆಯ ಸಾಧಾರಣ ಬಂದೂಕಿನೊಂದಿಗೆ ಹುಟ್ಟುತ್ತಾರೆ. ಬಲವಾದ ಆಯುಧಗಳು, ಕವಚ, ಔಷಧ ಎಲ್ಲವೂ ಬಯಲಿನ ಗೊತ್ತಾದ ಜಾಗಗಳಲ್ಲಿ ಬಿದ್ದಿರುತ್ತವೆ. ಒಬ್ಬ ಎತ್ತಿಕೊಂಡರೆ ಇಂತಿಷ್ಟು ಸೆಕೆಂಡುಗಳ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತವೆ. ಇದಕ್ಕಿಂತ ಸಮಾನವಾದ ಏರ್ಪಾಡು ಇರಲಾರದು ಎನಿಸುತ್ತದೆ. ಆದರೆ 1997ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ 'ರೆಡ್ ಅನೈಹಿಲೇಶನ್' ಸ್ಪರ್ಧೆಯ ಅಂತಿಮ ಪಂದ್ಯದ ಫಲಿತಾಂಶ ನೋಡಿ. 'ಥ್ರೆಶ್' ಎಂಬ ಅಡ್ಡಹೆಸರಿನ ಡೆನಿಸ್ ಫಾಂಗ್ ಗಳಿಸಿದ್ದು 14. ಎದುರಾಳಿಯದು ಸೊನ್ನೆಗಿಂತ ಒಂದು ಕಡಿಮೆ! ಕ್ವೇಕ್‌ನಲ್ಲಿ ತನ್ನ ಕೈಯಾರೆ ತಾನೇ ಸತ್ತರೆ ಒಂದು ಅಂಕ ಕಳೆಯುತ್ತಾರೆ. ಇಡ್ ಸಂಸ್ಥೆಯ ಜಾನ್ ಕಾರ್ಮಾಕ್ ಅವರ ಸ್ವಂತ ಫೆರಾರಿ 328 ಕಾರು ಆ ದಿನ ಫಾಂಗ್ ಪಾಲಾಯಿತು.

ಫಾಂಗ್ ಅಸಾಧಾರಣ ಆಟಗಾರ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಅಂಕಗಳ ಈ ಅಂತರದಲ್ಲಿ ಆಟದ ರಚನೆಯ ಪಾಲೂ ಇದೆ. ಮೊದಲ ರಾಕೆಟ್ ಲಾಂಚರನ್ನು ಎತ್ತಿಕೊಂಡವನು ಎದುರಾಳಿಯನ್ನು ಉರುಳಿಸುತ್ತಾನೆ. ಉರುಳಿದವನು ಮತ್ತೆ ಬರಿಗೈಯವನಂತೆ ಹುಟ್ಟಿ ಬರುವಷ್ಟರಲ್ಲಿ ಕವಚವೂ ಔಷಧವೂ ಗೆದ್ದವನ ಮೈಮೇಲಿರುತ್ತವೆ. ಉಳ್ಳವನಿಗೇ ಮತ್ತಷ್ಟು ಸೇರುತ್ತದೆ. ಹೊರಡುವಾಗ ಇಬ್ಬರೂ ಸಮ, ಎರಡು ನಿಮಿಷದ ಮೇಲೆ ಅಲ್ಲ. ಪರಿಣತರಿಗೆ ಇದು ಹಬ್ಬ. ಹೊಸಬನಿಗೆ ಮಾತ್ರ ಯಮಯಾತನೆ.

ಇದೇ 1997ರಲ್ಲಿ ಬ್ರಿಟನ್ನಿನ ರೇರ್ ಸಂಸ್ಥೆ ನಿಂಟೆಂಡೊ ಯಂತ್ರಕ್ಕೆ ತಂದ 'ಗೋಲ್ಡನ್ ಐ' ಆಟದ ಕಥೆ ತುಸು ತಮಾಷೆಯದು. ಒಂದೇ ಟೀವಿ ಪರದೆಯನ್ನು ನಾಲ್ಕು ಭಾಗ ಮಾಡಿ ನಾಲ್ವರು ಆಡುವ ಆಟ. ಜೇಮ್ಸ್ ಬಾಂಡ್ ಚಿತ್ರಗಳ ಯಾವ ಪಾತ್ರವನ್ನಾದರೂ ಆರಿಸಿಕೊಳ್ಳಬಹುದು. ಅವರಲ್ಲಿ 'ಆಡ್‌ಜಾಬ್' ಎಂಬ ಖಳನ ಚೇಲಾ ಉಳಿದೆಲ್ಲರಿಗಿಂತ ಗಿಡ್ಡ. ಆಟದ ಯಂತ್ರವೇ ಗುರಿ ಹಿಡಿಯಲು ನೆರವಾಗುತ್ತಿತ್ತು. ಆ ಗುರಿ ಸಾಮಾನ್ಯ ಎತ್ತರದವನ ಎದೆಯ ಮಟ್ಟಕ್ಕೆ. ಹೀಗಾಗಿ ಗುಂಡುಗಳೆಲ್ಲ ಗಿಡ್ಡನ ತಲೆಯ ಮೇಲಿಂದ ಹಾದುಹೋಗುತ್ತಿದ್ದವು. ಆಡ್‌ಜಾಬ್‌ನನ್ನು ಯಾರೂ ಆರಿಸಿಕೊಳ್ಳಕೂಡದು ಎಂಬ ಅಲಿಖಿತ ಕಾನೂನು ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಜಾರಿಗೆ ಬಂತು. ಆಡ್‌ಜಾಬ್‌ನಾಗಿ ಆಡುವುದು ಮೋಸವೇ ಸರಿ ಎಂದು ಆಟ ತಯಾರಿಸಿದವರೇ 2018ರಲ್ಲಿ ಒಪ್ಪಿಕೊಂಡರು. ತಯಾರಕರು ಸಮತೋಲ ತರದೆ ಬಿಟ್ಟಲ್ಲಿ ಆಟಗಾರರೇ ಪಂಚಾಯಿತಿ ಕೂಡಿ ತೀರ್ಪು ಕೊಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಬಂದೂಕಿಗೊಂದು ಬೆಲೆ

ಹೊಸ ದಾರಿ ತೋರಿಸಿದ್ದು ಇಬ್ಬರು ಹವ್ಯಾಸಿಗಳು. ಕೆನಡಾದ ವಿದ್ಯಾರ್ಥಿ ಮಿನ್ ಲೆ ಮತ್ತು ಅವರ ಜೊತೆಗಾರ ಜೆಸ್ ಕ್ಲಿಫ್, ವಾಲ್ವ್‌ನ 'ಹಾಫ್ ಲೈಫ್' ಆಟವನ್ನು ತಿದ್ದಿ 1999ರ ಜೂನ್‌ನಲ್ಲಿ 'ಕೌಂಟರ್ ಸ್ಟ್ರೈಕ್'ನ ಪ್ರಾಯೋಗಿಕ ಆವೃತ್ತಿಯನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಬಿಟ್ಟರು. ಮುಂದಿನ ವರ್ಷವೇ ವಾಲ್ವ್ ಅದನ್ನು ಕೊಂಡುಕೊಂಡು ಅಂಗಡಿಗೆ ತಂದಿತು. ಬೆಂಗಳೂರೂ ಸೇರಿ ನಮ್ಮ ದೇಶದ ನಗರಗಳ ಸೈಬರ್ ಸೆಂಟರುಗಳಲ್ಲಿ, ಗಂಟೆಗಿಷ್ಟು ಎಂದು ಕೊಟ್ಟು ಕಾಲೇಜು ಹುಡುಗರು ಸಾಲಾಗಿ ಕುಳಿತು ಆಡಿದ್ದು ಹೆಚ್ಚಾಗಿ ಇದನ್ನೇ, ಅದರಲ್ಲೂ 2003ರ 1.6 ಆವೃತ್ತಿಯನ್ನು.

ಆಟದ ಚೌಕಟ್ಟು ಸರಳ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಸತ್ತವನು ಆ ಸುತ್ತು ಮುಗಿಯುವವರೆಗೆ ಸುಮ್ಮನೆ ನೋಡುತ್ತ ಕೂರಬೇಕು. ಹೊಸತನವಿದ್ದದ್ದು ಹಣದ ವ್ಯವಸ್ಥೆಯಲ್ಲಿ. ಪ್ರತಿಯೊಬ್ಬನಿಗೂ ಮೊದಲು 800 ಡಾಲರ್. ಗೆದ್ದರೆ, ಎದುರಾಳಿಯನ್ನು ಹೊಡೆದರೆ ಹಣ ಸೇರುತ್ತದೆ. ಆದರೆ ಎಷ್ಟೇ ಗೆದ್ದರೂ 16,000ಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ಸೋತ ತಂಡಕ್ಕೂ ಪಾಲಿದೆ: ಗ್ಲೋಬಲ್ ಅಫೆನ್ಸಿವ್‌ನಲ್ಲಿ ಅದು 1,400ರಿಂದ ಶುರುವಾಗಿ, ಸಾಲುಸಾಲಾಗಿ ಸೋಲುತ್ತ ಹೋದರೆ ಸುತ್ತಿಗೆ 500ರಂತೆ 3,400ರವರೆಗೆ ಏರುತ್ತಿತ್ತು. ಕ್ವೇಕ್‌ನಲ್ಲಿ ಸೋತವನು ಇನ್ನಷ್ಟು ಬಡವನಾಗುತ್ತಿದ್ದ. ಇಲ್ಲಿ ಸೋತವನಿಗೆ ಮಳೆ ಹೋದ ವರ್ಷ ರೈತನಿಗೆ ಸಿಗುವ ಪರಿಹಾರದಂತೆ ಅಷ್ಟಿಷ್ಟು ಕೈಗೆ ಬರುತ್ತದೆ. ಸಾಲದಾದರೆ ತಂಡದವರು ಒಂದು ಸುತ್ತು ಏನನ್ನೂ ಕೊಳ್ಳದೆ ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕೂಡಿಡುತ್ತಾರೆ. ಸೋಲು ಹೀಗೆ ಲೆಕ್ಕಾಚಾರದ ಭಾಗವಾಯಿತು.

ಹಣ ಬಂದ ಮೇಲೆ ಎಲ್ಲ ಬಂದೂಕುಗಳೂ ಸಮಬಲದವಾಗಿರಬೇಕಾದ ಅಗತ್ಯವೇ ಉಳಿಯಲಿಲ್ಲ. ಎಡಬ್ಲ್ಯೂಪಿ ಎಂಬ ಸ್ನೈಪರ್ ಬಂದೂಕನ್ನೇ ನೋಡಿ. ಹಳೆಯ ಆವೃತ್ತಿಯ ಖರೀದಿ ಪಟ್ಟಿಯಲ್ಲಿ 'ಮ್ಯಾಗ್ನಮ್ ಸ್ನೈಪರ್' ಎಂದಿದ್ದದ್ದು ಇದೇ. ಕವಚವಿದ್ದರೂ ಎದೆಗೋ ಹೊಟ್ಟೆಗೋ ಬಿದ್ದ ಒಂದೇ ಗುಂಡು ಸಾಕು. ಇಷ್ಟು ಬಲಕ್ಕೆ ತಕ್ಕ ಭಾರವೂ ಇದೆ. ಪಟ್ಟಿಯಲ್ಲೇ ದುಬಾರಿಯಾದ ಬಂದೂಕುಗಳಲ್ಲೊಂದು. ಹಿಡಿದವನ ನಡಿಗೆ ನಿಧಾನ. ಒಂದು ಗುಂಡಿನ ಮೇಲೆ ಇನ್ನೊಂದಕ್ಕೆ ಬೋಲ್ಟ್ ಎಳೆಯಬೇಕು. ಗುರಿ ತಪ್ಪಿದರೆ ಆ ಒಂದೂವರೆ ಸೆಕೆಂಡಿನಲ್ಲಿ ಎದುರಾಳಿ ಮುಗಿಸಿಬಿಡುತ್ತಾನೆ. ಸತ್ತರೆ 4,750 ಡಾಲರಿನ ಬಂದೂಕು ನೆಲದ ಮೇಲೆ, ಶತ್ರುವಿನ ಕಾಲ ಬುಡದಲ್ಲಿ. ಗ್ಲೋಬಲ್ ಅಫೆನ್ಸಿವ್‌ನಲ್ಲಿ ಅದರಿಂದ ಹೊಡೆದರೆ ಸಿಗುವ ಬಹುಮಾನವೂ 300ರ ಬದಲು 100ಕ್ಕೆ ಇಳಿದಿತ್ತು.

ಇಷ್ಟಾದರೂ ಅದನ್ನು ಕಂಡರಾಗದವರು ಅಸಂಖ್ಯ. ಈ ಬಂದೂಕನ್ನೇ ನಿಷೇಧಿಸಿದ ಸರ್ವರುಗಳು ಒಂದು ಕಡೆ. ಅದೊಂದನ್ನೇ ಹಿಡಿದು ಆಡುವ ಪ್ರತ್ಯೇಕ ಮ್ಯಾಪುಗಳು ಇನ್ನೊಂದು ಕಡೆ. ದೂರುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹೊಸಬನ ಮಟ್ಟಿಗೆ ಎಲ್ಲಿಂದಲೋ ಬಂದ ಒಂದು ಗುಂಡು ಆಟವನ್ನೇ ಮುಗಿಸುತ್ತದೆ. ಅವನಿಗೆ ಬೆಲೆ, ಬೋಲ್ಟು, ನಡಿಗೆ ಯಾವುದೂ ಕಾಣುವುದಿಲ್ಲ. ಪಳಗಿದವನಿಗೆ ಮಾತ್ರ ಆ ಗುಂಡು ಎಲ್ಲಿಂದ ಬಂದೀತು, ಎಷ್ಟು ಹೊತ್ತಿಗೆ ಬಂದೀತು ಎಂಬುದು ಮೊದಲೇ ಗೊತ್ತು. ಒಂದೇ ಆಯುಧ ಒಬ್ಬನಿಗೆ ಅನ್ಯಾಯ, ಇನ್ನೊಬ್ಬನಿಗೆ ಒಗಟು.

ಆಟದ ಎರಡು ಮುಖ್ಯ ಬಂದೂಕುಗಳೂ ಸಮನಲ್ಲ. ದಾಳಿಕೋರರು ಮಾತ್ರ ಕೊಳ್ಳಬಹುದಾದ ಎಕೆ-47, ಶಿರಸ್ತ್ರಾಣ ತೊಟ್ಟವನನ್ನೂ ತಲೆಗೆ ಬಿದ್ದ ಒಂದೇ ಗುಂಡಿಗೆ ಕೆಡವುತ್ತದೆ. ರಕ್ಷಕರ ಎಂ-4ಕ್ಕೆ ಆ ಶಕ್ತಿಯಿಲ್ಲ. ಗ್ಲೋಬಲ್ ಅಫೆನ್ಸಿವ್‌ನಲ್ಲಿ ಅದರ ಬೆಲೆಯೂ ಹೆಚ್ಚಾಗಿತ್ತು. ಹಾಗಿದ್ದರೆ ರಕ್ಷಕರು ಯಾವ ಸುಖಕ್ಕೆ ಆಡಬೇಕು? ಉತ್ತರ ಬಂದೂಕಿನಲ್ಲಿಲ್ಲ, ಬಯಲಿನಲ್ಲಿದೆ.

ಸೆಕೆಂಡುಗಳ ಭೂಗೋಳ

ಈ ಆಟಗಳಲ್ಲಿ 'ಮ್ಯಾಪ್' ಎಂದರೆ ಬರಿಯ ನಕ್ಷೆಯಲ್ಲ, ಕಾಳಗ ನಡೆಯುವ ಇಡೀ ಊರು: ಗೋಡೆ, ಬಾಗಿಲು, ಪೆಟ್ಟಿಗೆ, ಸುರಂಗ. ಮ್ಯಾಪ್ ಮಾಡುವವನು ದೂರವನ್ನು ಮಾರಿನಲ್ಲಿ ಅಳೆಯುವುದಿಲ್ಲ, ಸೆಕೆಂಡಿನಲ್ಲಿ ಅಳೆಯುತ್ತಾನೆ. ಎರಡೂರಿನವರು ಒಂದೇ ಹೊತ್ತಿಗೆ ಹೊರಟರೆ ನಡುವಿನ ಸೇತುವೆಯನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬುದೇ ಪ್ರಶ್ನೆ. ರಕ್ಷಕರು ಎರಡು ಸೆಕೆಂಡು ಮೊದಲು ಮುಟ್ಟಿದರೆ ಪೆಟ್ಟಿಗೆಯ ಮರೆಯಲ್ಲಿ ಗುರಿ ಹಿಡಿದು ಕಾಯುತ್ತಾರೆ. ಎರಡು ಸೆಕೆಂಡು ತಡವಾದರೆ ಅವರೇ ಬೇಟೆ. ರಕ್ಷಕರ ಕಡಿಮೆ ಬಲದ ಬಂದೂಕಿಗೆ ಪರಿಹಾರವೆಂದರೆ ಈ ಕಾಯುವ ಅನುಕೂಲ.

ಬ್ರಿಟನ್ನಿನ ಡೇವ್ ಜಾನ್‌ಸ್ಟನ್ ಹದಿಹರೆಯದಲ್ಲೇ 1999ರಲ್ಲಿ 'ಡಸ್ಟ್' ಎಂಬ ಮರುಭೂಮಿಯ ಊರನ್ನು ಕೌಂಟರ್ ಸ್ಟ್ರೈಕ್‌ಗಾಗಿ ರಚಿಸಿದರು. ಅದರ ಬಣ್ಣ, ಕಮಾನುಗಳಿಗೆ ಸ್ಫೂರ್ತಿ ಆಗ ಇನ್ನೂ ತಯಾರಿಯಲ್ಲಿದ್ದ 'ಟೀಮ್ ಫೋರ್ಟ್ರೆಸ್ 2' ಆಟದ ಚಿತ್ರಗಳು. ಆ ಆಟ ಕೊನೆಗೆ ಹೊರಬಂದದ್ದು 2007ರಲ್ಲಿ, ಅದೂ ಬೇರೆಯದೇ ವೇಷದಲ್ಲಿ! ಡಸ್ಟ್ ಅಚ್ಚುಮೆಚ್ಚಿನದಾದರೂ ಅದು ರಕ್ಷಕರ ಪಕ್ಷಪಾತಿ ಎಂಬ ದೂರಿತ್ತು. ದಾಳಿಕೋರರು ಹಾಯಬೇಕಾದ ಇಕ್ಕಟ್ಟಿನ ಜಾಗಗಳನ್ನು ರಕ್ಷಕರು ಸಲೀಸಾಗಿ ಕಾಯಬಹುದಿತ್ತು. 'ಅಸಾಲ್ಟ್' ಎಂಬ ಇನ್ನೊಂದು ಹಳೆಯ ಮ್ಯಾಪಿನದು ಇದಕ್ಕೆ ತದ್ವಿರುದ್ಧ ಕಥೆ. ಒತ್ತೆಯಾಳುಗಳಿರುವ ಗೋದಾಮಿನೊಳಗೆ ಕುಳಿತವರನ್ನು ಹೊರಗಿನಿಂದ ಬಂದ ಪೊಲೀಸರು ಅಲುಗಿಸುವುದೇ ಕಷ್ಟ.

2001ರ ಮಾರ್ಚ್‌ನಲ್ಲಿ ಜಾನ್‌ಸ್ಟನ್ ತಂದ 'ಡಸ್ಟ್ 2' ಈ ಪಾಠಗಳ ಫಲ. ಮೇಲಿನಿಂದ ನೋಡಿದರೆ ಇಂಗ್ಲಿಷಿನ 8ರ ಅಂಕಿಯಂಥ ವಿನ್ಯಾಸ. ಬಾಂಬ್ ಇಡಲು ಎರಡು ಜಾಗ. ಒಂದಕ್ಕೆ ಉದ್ದನೆಯ ಬಯಲು ದಾರಿ, ಇನ್ನೊಂದಕ್ಕೆ ಕತ್ತಲೆಯ ಸುರಂಗ, ನಡುವೆ ಎರಡೂ ಕಡೆಗೆ ಕವಲೊಡೆಯುವ ಓಣಿ. ಉದ್ದನೆಯ ದಾರಿಯಲ್ಲಿ ಸ್ನೈಪರ್‌ಗೆ ಬಲ. ಸುರಂಗದಲ್ಲಿ ಅಗ್ಗದ ಬಂದೂಕು ಹಿಡಿದು ನುಗ್ಗುವವನಿಗೆ ಬಲ. ಬಡ ತಂಡವೂ ಶ್ರೀಮಂತ ತಂಡವೂ ತಮಗೊಪ್ಪುವ ದಾರಿಯನ್ನು ಆರಿಸಿಕೊಳ್ಳಬಹುದು. ಬಂದೂಕುಗಳ ಲೆಕ್ಕವೂ ದಾರಿಗಳ ಲೆಕ್ಕವೂ ಕೂಡುವುದು ಇಲ್ಲಿ; ಯಾವ ಬಂದೂಕು ಬಲವಾದದ್ದು ಎಂಬ ಪ್ರಶ್ನೆಗೆ ಜಾಗ ಹೇಳದೆ ಉತ್ತರವಿಲ್ಲ.

ಡಸ್ಟ್ 2ರ ನಡು ಓಣಿಯ ಜೋಡಿ ಬಾಗಿಲು ಒಂದು ಪ್ರತ್ಯೇಕ ಅಧ್ಯಾಯ. ಬಾಗಿಲುಗಳ ಸಂದಿನ ಮೂಲಕ, ದಾಳಿಕೋರರು ಹೊರಡುವ ಜಾಗದಿಂದಲೇ ಅತ್ತ ಓಡುವ ರಕ್ಷಕರು ಕ್ಷಣಮಾತ್ರ ಕಾಣುತ್ತಾರೆ. ಸುತ್ತು ಶುರುವಾಗಿ ಕೆಲವೇ ಸೆಕೆಂಡುಗಳಲ್ಲಿ ಎಡಬ್ಲ್ಯೂಪಿಯ ಗುಂಡು ಆ ಸಂದಿನಲ್ಲಿ ಹಾರಿ ಒಬ್ಬ ಉರುಳಿದ್ದಾನೆಂದರೆ ಐವರಿಗೆ ನಾಲ್ವರು. ಸತ್ತವನು ಮಾಡಿದ ತಪ್ಪಾದರೂ ಏನು? ತನ್ನ ಕಾವಲಿನ ಜಾಗಕ್ಕೆ ಹೋಗಲು ಹೊರಟದ್ದು. ಕೆಲವರಿಗೆ ಇದೇ ಆ ಮ್ಯಾಪಿನ ರೋಮಾಂಚನ, ಇನ್ನು ಕೆಲವರಿಗೆ ಲಾಟರಿ. ಇಪ್ಪತ್ತು ವರ್ಷ ಹೀಗೇ ನಡೆದ ಮೇಲೆ, 2021ರಲ್ಲಿ ವಾಲ್ವ್ ಬಾಗಿಲ ಬಳಿ ಒಂದಿಷ್ಟು ಮರೆ ಸೇರಿಸಿ ದಾಟುವವರ ದಾರಿಯನ್ನು ಸುರಕ್ಷಿತಗೊಳಿಸಿತು.

ಯಾವ ಬಯಲೂ ಪೂರ್ತಿ ಸಮನಾಗದು ಎಂಬುದು ಮೊದಲಿನಿಂದಲೂ ಗೊತ್ತಿದ್ದದ್ದೇ. ಕಬಡ್ಡಿಯಲ್ಲಿ ಅರ್ಧ ಆಟವಾದ ಮೇಲೆ ಅಂಕಣ ಬದಲಿಸುವಂತೆ ಇಲ್ಲೂ ತಂಡಗಳು ಪಾತ್ರ ಬದಲಿಸುತ್ತವೆ. ಗ್ಲೋಬಲ್ ಅಫೆನ್ಸಿವ್‌ನಲ್ಲಿ 30 ಸುತ್ತುಗಳ ಪಂದ್ಯ, 15ರ ನಂತರ ಬದಲಾವಣೆ. 2023ರಲ್ಲಿ ಬಂದ ಕೌಂಟರ್ ಸ್ಟ್ರೈಕ್ 2ರಲ್ಲಿ ಅದು 24ಕ್ಕೆ ಇಳಿಯಿತು, 12ರ ನಂತರ ಬದಲಾವಣೆ. ಬಯಲಿನ ಪಕ್ಷಪಾತ ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ. ಆಗ ರಕ್ಷಕನಾಗಿ ಸೋತವನ ಬಾಯಲ್ಲಿ ಮ್ಯಾಪಿನ ನೆಪ ನಿಲ್ಲುವುದಿಲ್ಲ.

ನೂರೈವತ್ತು ಡಾಲರಿನ ಕಥೆ

ಬೆಲೆಯ ಸಣ್ಣ ಬದಲಾವಣೆ ಏನು ಮಾಡಬಲ್ಲದು ಎಂಬುದಕ್ಕೆ 2018 ಸಾಕ್ಷಿ. ದುರ್ಬೀನು ಜೋಡಿಸಿದ 'ಆಗ್' ಎಂಬ ರಕ್ಷಕರ ಬಂದೂಕು ವರ್ಷಗಟ್ಟಲೆ ಪಟ್ಟಿಯಲ್ಲಿ ಧೂಳು ತಿನ್ನುತ್ತಿತ್ತು. ವೃತ್ತಿಪರರಲ್ಲಿ ಅದನ್ನು ಕೇಳುವವರಿರಲಿಲ್ಲ. ಅಕ್ಟೋಬರ್‌ನಲ್ಲಿ ವಾಲ್ವ್ ಅದರ ಬೆಲೆಯನ್ನು 3,300ರಿಂದ 3,150ಕ್ಕೆ ಇಳಿಸಿತು. ಮರುವರ್ಷದ ಆರಂಭದಲ್ಲಿ ನೋಡಿದರೆ ದೊಡ್ಡ ಪಂದ್ಯಗಳಲ್ಲಿ ರಕ್ಷಕರ ಕೈಯಲ್ಲೆಲ್ಲ ಅದೇ. ಬಂದೂಕಿನ ಬಲ ಅಷ್ಟರಲ್ಲಿ ಹೆಚ್ಚಿರಲಿಲ್ಲ. ಅಗ್ಗವಾಯಿತೆಂದು ಕೈಗೆತ್ತಿಕೊಂಡ ಮೇಲಷ್ಟೇ ಅದರ ಬಲ ಜನರ ಕಣ್ಣಿಗೆ ಬಿದ್ದದ್ದು. 2019ರಲ್ಲಿ ಬೆಲೆ ಮತ್ತೆ 3,300ಕ್ಕೆ ಏರಿತು. ಹೀಗೆ ಆಯುಧದ ಬಲ ತಗ್ಗಿಸುವುದಕ್ಕೆ ಆಟಗಾರರ ಆಡುಮಾತಿನಲ್ಲಿ 'ನರ್ಫ್' ಎನ್ನುತ್ತಾರೆ. ಸ್ಪಂಜಿನ ಗುಂಡು ಹಾರಿಸುವ ಅಮೆರಿಕದ ಮಕ್ಕಳ ಆಟಿಕೆಯ ಹೆಸರದು.

ಎಷ್ಟು ತಗ್ಗಿಸಬೇಕೆಂಬುದು ಅಕ್ಕಸಾಲಿಗನ ತಕ್ಕಡಿಯ ಕೆಲಸ. ಬಂಜೀ ಸಂಸ್ಥೆಯ 'ಹೇಲೋ' ಆಟಗಳ ವಿನ್ಯಾಸಕ ಜೇಮಿ ಗ್ರೀಸ್‌ಮರ್ 2010ರಲ್ಲಿ ಆಟ ತಯಾರಕರ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ವಿಷಯ ಕೇಳಿದರೆ ಅಚ್ಚರಿಯಾಗುತ್ತದೆ: ಹೇಲೋ 3ರ ಸ್ನೈಪರ್ ಬಂದೂಕಿನಲ್ಲಿ ಎರಡು ಗುಂಡುಗಳ ನಡುವಿನ ಅಂತರವನ್ನು 0.5 ಸೆಕೆಂಡಿನಿಂದ 0.7 ಸೆಕೆಂಡಿಗೆ ಏರಿಸಿದ್ದು. ಇಡೀ ಭಾಷಣ ಆ ಎರಡು ದಶಾಂಶದ ಸುತ್ತ! ಯೋಚಿಸಿದರೆ ಅದರ ಮರ್ಮ ತಿಳಿಯುತ್ತದೆ. ಗುಂಡಿನ ಬಲ ಕಡಿಮೆ ಮಾಡಿದ್ದರೆ ಸರಿಯಾಗಿ ಗುರಿಯಿಟ್ಟವನಿಗೇ ಶಿಕ್ಷೆ. ಅಂತರ ಹೆಚ್ಚಿಸಿದರೆ ಪೆಟ್ಟು ಬೀಳುವುದು ಗುರಿ ತಪ್ಪಿದವನಿಗೆ, ಕಣ್ಣುಮುಚ್ಚಿ ಗುಂಡು ಸುರಿಸುವವನಿಗೆ. ಬಂದೂಕು ಬಂದೂಕಾಗಿಯೇ ಉಳಿಯುತ್ತದೆ.

2017ರಲ್ಲಿ ಬಂದ 'ಪಬ್‌ಜಿ' ಈ ತಕ್ಕಡಿಯನ್ನೇ ಬದಿಗಿಟ್ಟಂತೆ ಕಾಣುತ್ತದೆ. ನೂರು ಜನ 8 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ದ್ವೀಪಕ್ಕೆ ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ. ಯಾರಿಗೆ ಯಾವ ಬಂದೂಕು ಸಿಕ್ಕೀತು ಎಂಬುದು ಹಣೆಬರಹ. ಭಾರತದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದರ ಮೊಬೈಲ್ ರೂಪವನ್ನು ನಿಷೇಧಿಸುವವರೆಗೂ ಹುಡುಗರು ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಮುಳುಗಿದ್ದು ಇದರಲ್ಲೇ. 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಅದರ ತಮ್ಮ ಬಂದ. ಇಲ್ಲಿ ಸೋತವನಿಗೆ ಸಮಾಧಾನ ಸುಲಭ: ಅದೃಷ್ಟ ಕೈಕೊಟ್ಟಿತು, ಅಷ್ಟೇ. ಆದರೆ ಅದೃಷ್ಟಕ್ಕೂ ಒಂದು ಲೆಕ್ಕವಿದೆ. ಅಲ್ಲಿನ ಅತಿ ಬಲಶಾಲಿ ಸ್ನೈಪರ್‌ಗಳಲ್ಲೊಂದಾದ ಎಡಬ್ಲ್ಯೂಎಂ, ಕೌಂಟರ್ ಸ್ಟ್ರೈಕ್‌ನ ಎಡಬ್ಲ್ಯೂಪಿಯಂತೆಯೇ ಬ್ರಿಟನ್ನಿನ ನಿಜವಾದ ಬಂದೂಕಿನ ಮನೆತನದ್ದು. ಅದು ನೆಲದ ಮೇಲೆ ಬಿದ್ದಿರುವುದಿಲ್ಲ; ವಿಮಾನವೊಂದು ಸದ್ದು ಮಾಡುತ್ತ ಬಂದು ಬೀಳಿಸುವ ಪೆಟ್ಟಿಗೆಯಲ್ಲಿ ಮಾತ್ರ ಸಿಗುತ್ತದೆ. ಪೆಟ್ಟಿಗೆಯಿಂದ ಏಳುವ ಕೆಂಪು ಹೊಗೆ ಸುತ್ತಲಿನವರಿಗೆಲ್ಲ ಕಾಣುತ್ತದೆ. ಹಣವಿಲ್ಲದ ಆಟದಲ್ಲಿ ಬಂದೂಕಿನ ಬೆಲೆಯನ್ನು ಜೀವಭಯದಲ್ಲಿ ವಸೂಲು ಮಾಡುವ ಈ ಉಪಾಯಕ್ಕೆ ತಲೆದೂಗಲೇಬೇಕು.

ಸಮತೋಲ ಸಾಧಿಸಿದ ಮೇಲೂ ತಯಾರಕರಿಗೆ ನಿದ್ದೆಯಿಲ್ಲ. ಎಲ್ಲರಿಗೂ ಎಲ್ಲ ಮೂಲೆಯೂ ಬಾಯಿಪಾಠವಾದಾಗ ಆಟ ನ್ಯಾಯವಾಗಿದ್ದರೂ ಸಪ್ಪೆಯಾಗುತ್ತದೆ. ದೊಡ್ಡ ಸ್ಪರ್ಧೆಗಳ ಏಳು ಮ್ಯಾಪುಗಳ ಪಟ್ಟಿಯಿಂದ ಡಸ್ಟ್ 2ನ್ನು 2017ರಲ್ಲಿ ಒಮ್ಮೆ ತೆಗೆದು, ಮಾರ್ಪಡಿಸಿ, 2018ರಲ್ಲಿ ಮತ್ತೆ ಸೇರಿಸಲಾಗಿತ್ತು. 2022ರ ನವೆಂಬರ್‌ನಲ್ಲಿ ಅದು ಪುನಃ ಹೊರಬಿದ್ದು, ಆ ಜಾಗಕ್ಕೆ 'ಅನುಬಿಸ್' ಎಂಬ ಹೊಸ ಮ್ಯಾಪ್ ಬಂತು. ಅದೇ ದಿನ ಎಡಬ್ಲ್ಯೂಪಿಯ ಮ್ಯಾಗಜೀನಿನ ಗುಂಡುಗಳು ಹತ್ತರಿಂದ ಐದಕ್ಕೆ ಇಳಿದವು; ಗೋಡೆಯಾಚೆಗೆ, ಹೊಗೆಯೊಳಗೆ ಅಂದಾಜಿನ ಮೇಲೆ ಗುಂಡು ಹಾರಿಸುತ್ತಿದ್ದವರು ಅಂದಿನಿಂದ ಎಣಿಸಿ ಹಾರಿಸತೊಡಗಿದರು. 2024ರ ಏಪ್ರಿಲ್‌ನಲ್ಲಿ ಡಸ್ಟ್ 2 ಪಟ್ಟಿಗೆ ಮರಳಿತು. ಕಳೆದುಹೋದ ಐದು ಗುಂಡುಗಳು ಮಾತ್ರ ಅದರೊಂದಿಗೆ ಮರಳಲಿಲ್ಲ.